ತಗುಲದ ಏಟು

"ಗಂಡಸಾ ಅವ್ನು? ಜೀವಮಾನವೆಲ್ಲಾ ಸ್ಟೇಜ್ ಮೇಲೆ ಒದೆ ತಿಂದ್ಕೊಂಡು ಜನರನ್ನ ನಗಿಸ್ದ. ಒಂದಿನಾನೂ ತಿರುಗಿಸಿ ಹೊಡೀಲಿಲ್ಲ!"

ಪ್ಲಾಸ್ಟಿಕ್ ಕುರ್ಚಿಯನ್ನು ಹಿಂದಿನ ಎರಡು ಕಾಲಿನ ಮೇಲೆ ವಾಲಿಸಿ ಕೂತ ಸೋದರಮಾವ ದೊಡ್ಡಬೈರಪ್ಪನ ಮಾತು ಚಾಮರಾಜಪೇಟೆಯ ಮನೆ ಮುಂದಿನ ಇಡೀ ಶಾಮಿಯಾನಕ್ಕೆ ಕೇಳಿಸಿತು. ಅಪ್ಪ ಆಂಜಿನಯ್ಯನ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ನಂದೀಶನ ಕೈ ಮುಷ್ಟಿಯಾಯಿತು.

ಅಮ್ಮ ಗಂಗರತ್ನಮ್ಮ ಬೆಳಗ್ಗೆಯೇ ತನ್ನ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸಿಕೊಂಡಿದ್ದಳು. "ಇವತ್ತೊಂದಿನ ಯಾರಿಗೂ ಹೊಡೀಬೇಡ್ವೋ. ಮರ್ಯಾದೆಯಾಗಿ ಕಳಿಸ್ಕೊಡೋಣ." ಅವಳ ಭಯ ಸುಳ್ಳಲ್ಲ. "ಒದೆ ಆಂಜಿನಯ್ಯನ ಮಗ" ಅಂದವನ ಹಲ್ಲು ಉದುರಿಸಿಯೇ ನಂದೀಶ ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದ.

ಸ್ಟೇಜಿನಲ್ಲಿ ಅಪ್ಪನಿಗೆ ಹೊಡೆಯುತ್ತಿದ್ದ ಜೊತೆಗಾರ ಮುತ್ತುರಾಜ್ ಪಕ್ಕದಲ್ಲೇ ಹೂ ಕಟ್ಟುತ್ತಿದ್ದ. ಮೆಲ್ಲಗೆ ಅಂದ, "ಮೂವತ್ತು ವರ್ಷ ಮಗಾ. ನಂದೊಂದು ಏಟೂ ಅವನಿಗೆ ತಗುಲಿಲ್ಲ."

ನಂದೀಶ ತಲೆ ತಗ್ಗಿಸಿದ. ತಗುಲಿದ್ದು ಒಂದೇ. ಅದು ನಂದೀಶನದೇ.

*

ಬೆಳಗಿನ ಜಾವ ವಾಲ್ವ್ ತಿರುಗಿಸಿ ತ್ಯಾಗರಾಜನಗರಕ್ಕೆ ನೀರು ಬಿಡುವುದು ಆಂಜಿನಯ್ಯನ ಕೆಲಸ. ಗಣೇಶನ ಹಬ್ಬದಲ್ಲಿ ಮಾತ್ರ ಪೆಂಡಾಲುಗಳಲ್ಲಿ, ಆರ್ಕೆಸ್ಟ್ರಾದ ನಡುವೆ, ಮೂಕಿ ಸಿನಿಮಾದ ಹಾಗೆ ಹತ್ತು ನಿಮಿಷ ಮಾತಿಲ್ಲದ ಬಾಕ್ಸಿಂಗ್. ಮುಖಕ್ಕೆ ಪೌಡರು, ದಿಂಬಿನಂಥ ಗ್ಲೌಸು. ಗಂಟೆ ಬಾರಿಸಿದರೆ ಸಾಕು, ರೆಫರಿಯ ಬೆನ್ನಿಗೆ ಅವಿತುಕೊಳ್ಳುತ್ತಿದ್ದ.

ಹತ್ತು ವರ್ಷದ ನಂದೀಶನಿಗೆ ಒಮ್ಮೆ ಕಲಿಸಲು ಕೂತ.

"ನಿನ್ ಕೈ ನನ್ ಮೂಗಿಂದ ಒಂದ್ ಬೆರಳು ಈಚೆ ನಿಲ್ಬೇಕು. ಬೀಳೋದು, ಸದ್ದು ಮಾಡೋದು ನನ್ ಕೆಲಸ. ಹೂಂ, ಬಾ."

ನಂದೀಶ ನಿಲ್ಲಿಸಲಿಲ್ಲ. ಬೇಕಂತಲೇ. ಅಪ್ಪನ ತುಟಿ ಒಡೆಯಿತು. ರಕ್ತ ಒರೆಸಿಕೊಳ್ಳದೆ ಅಪ್ಪ ಇನ್ನೆರಡು ಪಲ್ಟಿ ಹೊಡೆದು ನಗಿಸಲು ನೋಡಿದ.

*

"ಅಪ್ಪನಂತೂ ಹೊಡೀಲಿಲ್ಲ. ನೀನಾದ್ರೂ ಹೊಡಿಯೋ ನೋಡೋಣ!" ಮಾವ ಮತ್ತೆ ಕೆಣಕಿದ.

ನಂದೀಶ ಹಗ್ಗ ಬಿಟ್ಟು ಎದ್ದ.

"ನಂದಾ, ಆಣೆ ಕಣೋ!" ಅಮ್ಮ ಕೂಗಿದಳು.

ಮುಷ್ಟಿ ಬೀಸಿ ಹೋಗಿ, ಮಾವನ ಮೂಗಿನಿಂದ ಒಂದು ಬೆರಳು ಈಚೆ ನಿಂತಿತು. ಮಾವ ಬೆಚ್ಚಿ ಹಿಂದಕ್ಕೆ ವಾಲಿದ. ಕುರ್ಚಿ ಜಾರಿತು. ಕಾಲು ಮೇಲೆ, ಪಂಚೆ ಮುಖದ ಮೇಲೆ, ಹೂವಿನ ಬುಟ್ಟಿ ಹೊಟ್ಟೆ ಮೇಲೆ. ಗಾಬರಿಗೆ, ಚಟ್ಟದ ಪಕ್ಕ ನಿಂತಿದ್ದ ತಮಟೆಯವನ ಕೈಯಿಂದ ತಮಟೆಗೆ ಒಂದು ಏಟು ಬಿತ್ತು. ಢಂ!

ಮೊದಲು ನಕ್ಕವಳು ಗಂಗರತ್ನಮ್ಮ. ಬಾಯಿಗೆ ಸೆರಗು ತುರುಕಿಕೊಂಡು, ಅಳುತ್ತಲೇ.

"ಹೊಡದ್ನಾ? ಎಲ್ರೂ ನೋಡಿದ್ರಲ್ಲ, ಇವ್ನು ನನಗೆ ಹೊಡದ್ನಾ?" ಏನೂ ಆಗದ ಮೂಗನ್ನು ಮಾವ ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದ.

ನಂದೀಶ ಬೆಂಕಿಯ ಮಡಕೆ ಎತ್ತಿಕೊಂಡು, ಚಟ್ಟದ ಮುಂದೆ, ಚಾಮರಾಜಪೇಟೆಯ ಬಿಸಿಲಿಗೆ ಇಳಿದ.