ಒಂಟಿ ಜೋಡು

ಗಾರ್ಲೆಂಡ್ ಟ್ಯೂಕ್ಸ್‌ಬರಿ ವಾರದಲ್ಲಿ ಐದು ದಿನ ಬಿಸಿನೀರಿನ ಸ್ನಾನದ ತೊಟ್ಟಿ ಮಾರುತ್ತಿದ್ದ. ಶನಿವಾರ ಬಂತೆಂದರೆ ಒಸ್ರಿಕ್ ಪ್ರಭುವಾಗುತ್ತಿದ್ದ. ಅದೇನೂ ತಪ್ಪಲ್ಲ, ಹಳೆಯ ಕಾಲದ ಯುರೋಪಿನವರ ವೇಷ ಹಾಕಿ ಆಗಿನ ಕಸುಬು ಕಲಿಯುವ ನಮ್ಮ ಸಂಘದಲ್ಲಿ ಎಲ್ಲರೂ ಹಾಗೆಯೇ. ನಾನೂ ವಾರವೆಲ್ಲ ಹಲ್ಲಿನ ಡಾಕ್ಟರ ಬಳಿ ಫೋನ್ ಎತ್ತುವ ಮಾರ್ಲಿಸ್ ಹ್ಯೂಬ್ನರ್. ಶನಿವಾರ ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಏಳುನೂರು ವರ್ಷ ಹಿಂದಿನ ಹೆಂಗಸು. ಆದರೆ ನಾನು ಪಟ್ಟಿ ನೇಯುವುದನ್ನು ಕಲಿಸಿದರೆ ಸಂಜೆಯೊಳಗೆ ಮಗ್ಗದಲ್ಲಿ ಒಂದು ಗೇಣಾದರೂ ಪಟ್ಟಿ ಕಾಣುತ್ತದೆ. ಗಾರ್ಲೆಂಡ್ ಹನ್ನೊಂದು ವರ್ಷದಿಂದ ಆ ಕಾಲದ ಜೋಡು ಹೊಲಿಯುವುದನ್ನು ಕಲಿಸುತ್ತಿದ್ದ. ಅವನ ಕೋಣೆಯಿಂದ ಒಂದೇ ಒಂದು ಜೋಡು ಹೊರಬಂದದ್ದನ್ನು ಕಂಡವರಿರಲಿಲ್ಲ.

ಕಲಿಕೆಯ ದಿನ ನಡೆಯುವುದು ವರ್ಷಕ್ಕೆರಡು ಸಲ, ಒಹಾಯೋ ನದಿಯ ದಡದಲ್ಲಿರುವ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ. ಕಲಿಸುವವರಿಗೆ ಸಂಬಳವಿಲ್ಲ, ಮಧ್ಯಾಹ್ನ ಬಾರ್ಲಿ ಹಾಕಿದ ಮಾಂಸದ ಸಾರು, ಬ್ರೆಡ್ಡು ಸಿಗುತ್ತದೆ, ಅಷ್ಟೆ. ಯಾರಿಗೆ ಯಾವ ಕೋಣೆ ಎಂದು ಗೊತ್ತುಮಾಡುವವಳು ನಾನು. ಗಾರ್ಲೆಂಡ್‌ಗೆ ಪ್ರತಿ ಸಲವೂ ದೊಡ್ಡ ಕೋಣೆಯೇ ಆಗಬೇಕು. ಅಲ್ಲಿ ಮೇಜಿನ ಮೇಲೆ ಒಂದು ಇಡೀ ಹದ ಮಾಡಿದ ಚರ್ಮ ಹಾಸಿ, ಪಕ್ಕದಲ್ಲಿ ಪಾಲಿಶ್ ಮಾಡಿದ ಉಪಕರಣಗಳ ಪೆಟ್ಟಿಗೆ ತೆರೆದಿಟ್ಟು, ಎರಡು ಗಂಟೆ ಮಾತಾಡುತ್ತಿದ್ದ. ರಾಜರ ಪಾದ, ಪೋಪರ ಪಾದ, ಯಾವ ಯುದ್ಧದಲ್ಲಿ ಯಾರ ಬೂಟು ಸೋರಿತು. ಕೊನೆಯಲ್ಲಿ ಏಳು ಪುಟದ ಟಿಪ್ಪಣಿ ಹಂಚಿ, "ಮೊದಲು ಚರ್ಮವನ್ನ ಮನಸ್ಸಲ್ಲಿ ಹೊಲೀಬೇಕು" ಎನ್ನುತ್ತಿದ್ದ. ಆ ಚರ್ಮ ನಾಲ್ಕು ವರ್ಷದಿಂದ ಅದೇ ಚರ್ಮ.

ಹೋದ ವರ್ಷ ಮಾರ್ಚಿನಲ್ಲಿ ಅವನ ತರಗತಿಗೆ ಓಲೀಟಾ ಸ್ಟ್ಯಾಂಪರ್ ಬಂದಳು. ಅರವತ್ತೆಂಟರ ಹೆಂಗಸು. ಯಾರದೋ ನಿಲುವಂಗಿಯನ್ನು ಪ್ಯಾಂಟಿನ ಮೇಲೇ ತೊಟ್ಟಿದ್ದಳು. ನನ್ನ ತರಗತಿ ಮಧ್ಯಾಹ್ನಕ್ಕಿದ್ದುದರಿಂದ ನಾನು ಹಿಂದಿನ ಕುರ್ಚಿಯಲ್ಲಿದ್ದೆ.

"ತಾಯೀ, ತಾವು ಮೊದಲು ಏನ್ ಮಾಡ್ಕೊಂಡಿದ್ರಿ?" ಎಂದು ಗಾರ್ಲೆಂಡ್ ಕೇಳಿದ.

"ಗುಡ್ಡದ ಮೇಲಿನ ಬೂಟಿನ ಕಾರ್ಖಾನೇಲಿದ್ದೆ. ಅದು ಮುಚ್ಚೋವರೆಗೂ. ಮೂವತ್ತೊಂದು ವರ್ಷ."

ಗಾರ್ಲೆಂಡ್ ಎಲ್ಲರ ಕಡೆ ತಿರುಗಿ ನಕ್ಕ. "ಕಾರ್ಖಾನೆ. ಅಲ್ಲಿ ಮೆಷಿನ್ನು ಹೊಲಿಯತ್ತೆ, ಇವರು ನಿಂತು ನೋಡ್ತಾರೆ. ಬೇಜಾರು ಮಾಡ್ಕೋಬೇಡಿ, ಆ ಅಭ್ಯಾಸ ಎಲ್ಲಾ ಇಲ್ಲಿ ಮರೀಬೇಕಾಗತ್ತೆ."

"ಮರೀತೀನಿ ತಮ್ಮಾ. ಆ ಚರ್ಮ ಕತ್ತರಿಸ್ಬೋದಾ?"

ಮಾತಿನ ಓಘದಲ್ಲಿದ್ದ ಗಾರ್ಲೆಂಡ್ ದೊರೆಯ ಹಾಗೆ ಕೈ ಬೀಸಿದ. ನಿಜವಾಗಿ ಕತ್ತರಿಸುತ್ತಾಳೆ ಎಂದು ಅವನಿಗೆ ಹೊಳೆದಿರಲಾರದು.

ಓಲೀಟಾ ಅವನು ಕೊನೆಗೆ ಹಂಚಲೆಂದು ಇಟ್ಟಿದ್ದ ಟಿಪ್ಪಣಿಯೊಂದರ ಬೆನ್ನ ಮೇಲೆ ತನ್ನ ಎಡಗಾಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದಳು. ಚರ್ಮ ಯಾವ ಕಡೆ ಹಿಗ್ಗುತ್ತದೆಂದು ಎರಡು ಹೆಬ್ಬೆರಳಲ್ಲಿ ಎಳೆದು ನೋಡಿ ಅಟ್ಟೆ ಕತ್ತರಿಸಿದಳು, ಮೇಲ್ಭಾಗ ಕತ್ತರಿಸಿದಳು. ಪೆಟ್ಟಿಗೆಯಲ್ಲಿದ್ದ, ತೂತು ಚುಚ್ಚುವ ಆರಿಗೆ ಹರಿತವೇ ಇರಲಿಲ್ಲ. ಕಾಫಿ ಬಟ್ಟಲನ್ನು ಬೋರಲು ಹಾಕಿ ಅದರ ಒರಟು ಅಂಚಿಗೆ ಮಸೆದಳು. ಆಮೇಲೆ ತಲೆ ಎತ್ತಲಿಲ್ಲ. ಗಾರ್ಲೆಂಡ್ ಪೋಪರ ಪಾದುಕೆಗೆ ಬರುವಷ್ಟರಲ್ಲಿ ಅವಳು ಒಳಮೈ ಹೊರಗಿಟ್ಟುಕೊಂಡು ಜೋಡಿನ ಸುತ್ತ ಹೊಲಿದು ಮುಗಿಸಿದ್ದಳು. ನೀರಲ್ಲಿ ಅದ್ದಿ, ಸೌಟಿನ ಹಿಡಿಯಿಂದ ಬೆರಳ ತುದಿಯ ಕಡೆ ಒತ್ತಿ, ಒಂದೇ ಸಲ ಒಳಗನ್ನು ಹೊರಗೆ ಮಾಡಿದಳು. ಹೊಲಿಗೆ ಪೂರಾ ಒಳಗೆ ಹೋಗಿ, ಚೂಪು ಮೂತಿಯ ಜೋಡೊಂದು ಮೇಜಿನ ಮೇಲೆ ಕೂತಿತು. ಎಲ್ಲರೂ ಅವನನ್ನು ಬಿಟ್ಟು ಅವಳ ಸುತ್ತ ನಿಂತರು.

ಗಾರ್ಲೆಂಡ್ ಅದನ್ನೆತ್ತಿ ಕಣ್ಣ ಹತ್ತಿರ ಹಿಡಿದ. "ಹೊಲಿಗೆ ತುಂಬಾ ಸಮ ಆಯ್ತು. ಆ ಕಾಲದ ಕೈ ಇಷ್ಟು ಸಮ ಹೊಲೀತಿರ್ಲಿಲ್ಲ. ನೋಡಿ, ಮೆಷಿನ್ ಚಟ ಹೋಗಿಲ್ಲ."

"ಹಂಗಾ? ಮುಂದಿನ ಸಲ ಒಂಚೂರು ಸೊಟ್ಟ ಹೊಲೀತೀನಿ," ಎಂದಳು ಓಲೀಟಾ.

ಒಣಗಬೇಕು, ತನ್ನ ಹತ್ತಿರ ಇರಲಿ ಎಂದು ಅವನು ಜೋಡನ್ನು ಪೆಟ್ಟಿಗೆಗೆ ಹಾಕಿಕೊಂಡ.

ಜೂನ್‌ನಲ್ಲಿ ಗುರು ಪದವಿಯ ಸಭೆ ಕೂತಿತು. ಸಂಘದಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ತೀರ್ಮಾನಿಸುವವರು ಆರು ಜನ, ಅದರಲ್ಲಿ ನಾನೊಬ್ಬಳು. ಗಾರ್ಲೆಂಡ್ ಕೆಂಪು ಮಖಮಲ್ಲಿನ ಮೇಲೆ ಓಲೀಟಾಳ ಜೋಡು ಇಟ್ಟು, "ಹನ್ನೊಂದು ವರ್ಷದ ತಪಸ್ಸು" ಎಂದ. ನಾನು ಬಾಯಿ ಬಿಡಲಿಲ್ಲ. ಮುಂದಿನ ವರ್ಷ ನನ್ನ ಹೆಸರೂ ಇದೇ ಮೇಜಿಗೆ ಬರುವುದಿತ್ತು. ಜಗಳಗಂಟಿ ಎನ್ನಿಸಿಕೊಳ್ಳುವುದು ಬೇಡವೆಂದು ಲೆಕ್ಕ ಹಾಕಿದೆ. ಗಾರ್ಲೆಂಡ್ ಹೇಸಿಗೆ ಎಂದಾದರೆ ಆ ದಿನದ ನನಗೆ ಏನೆನ್ನಬೇಕೋ.

ಅಧ್ಯಕ್ಷ ಬರ್ಟ್ರಮ್ ಮಾತ್ರ ಕೇಳಿದ: "ಇನ್ನೊಂದು ಎಲ್ಲಪ್ಪಾ ಪ್ರಭುಗಳೇ? ಕಾಲು ಎರಡಲ್ವಾ?"

ಗಾರ್ಲೆಂಡ್ ಒಂದು ತಿಂಗಳ ಗಡುವು ಕೇಳಿಕೊಂಡ. ಆ ವಾರವೇ ಅವನು ಓಲೀಟಾಳ ಮನೆಗೆ ಹೋದನಂತೆ, ಹೂವು ಹಿಡಿದುಕೊಂಡು. ಅದನ್ನು ಆಮೇಲೆ ಅವಳೇ ನನಗೆ ಫೋನಿನಲ್ಲಿ ಹೇಳಿದಳು.

"ಬಲಗಾಲಿಂದೂ ಮಾಡ್ಕೊಡಿ ಅಂದ. ಮಾಡ್ಕೊಡಲ್ಲ, ಹೇಳ್ಕೊಡ್ತೀನಿ ಕೂತ್ಕೋ ಅಂದೆ. ಕೂತ. ನಾಲ್ಕು ತೂತು ಹಾಕಿದ, ಐದನೇದು ಹೆಬ್ಬೆಟ್ಟಿಗೆ ಹಾಕ್ಕೊಂಡ. ಬಟ್ಟೆ ಕಟ್ಟಿ ಕಳಿಸ್ದೆ."

"ನಿಮ್ಗೆ ಸಿಟ್ಟು ಬರ್ಲಿಲ್ವಾ?"

"ಯಾಕೆ ಸಿಟ್ಟು? ಕಾರ್ಖಾನೇಲಿ ಹಿಂಗಿರೋ ಮೇಸ್ತ್ರಿಗಳು ಏಳು ಜನ ಬಂದು ಹೋದ್ರು. ಅವರ ಹೆಸರೇ ನೆನಪಿಲ್ಲ. ಆದ್ರೆ ನಾನು ಹೊಲಿಯೋವಾಗ ನೀನು ಅಲ್ಲೇ ಕೂತಿದ್ಯಲ್ಲ, ಸಭೇಲೂ ಕೂತಿದ್ಯಲ್ಲ, ಮಾರ್ಲಿಸ್. ನಿನ್ನ ಹೆಸರು ನೆನಪಿದೆ."

ನನಗೆ ಆ ಕಡೆಯಿಂದ ಕೆನ್ನೆಗೆ ಬಾರಿಸಿದಂತಾಯಿತು.

ಜುಲೈ ಸಭೆಗೆ ಗಾರ್ಲೆಂಡ್ ಅದೇ ಒಂಟಿ ಜೋಡಿನ ಮೇಲೆ ಕೆಸರು ಮೆತ್ತಿ ತಂದ. ಪಕ್ಕದಲ್ಲಿ ಸೊಗಸಾದ ಬರಹದ ಚೀಟಿ: ನೆಲ ಅಗೆದಾಗ ಹಳೆಯ ಜೋಡುಗಳು ಹೆಚ್ಚಾಗಿ ಒಂಟಿಯಾಗಿಯೇ ಸಿಗುವುದರಿಂದ, ನಿಜಕ್ಕೆ ನಿಷ್ಠವಾಗಿರಲು ಒಂದನ್ನೇ ಮಾಡಲಾಗಿದೆ. ನಾಲ್ಕು ಜನ ತಲೆದೂಗಿದರು. ಒಬ್ಬಾಕೆ ಕಣ್ಣೊರೆಸಿಕೊಂಡಳು.

"ಇದನ್ನ ಹೊಲಿದಿದ್ದು ಓಲೀಟಾ ಸ್ಟ್ಯಾಂಪರ್," ಎಂದೆ. "ನಾನೇ ಕೂತು ನೋಡಿದೀನಿ. ಬೇಕಾದ್ರೆ ಈಗ ಒಂದು ಗೇಣು ಹೊಲೀಲಿ ಇವನು, ಇಲ್ಲೇ."

ಗಾರ್ಲೆಂಡ್ ಬಟ್ಟೆ ಕಟ್ಟಿದ ಹೆಬ್ಬೆರಳನ್ನು ಎತ್ತಿ ತೋರಿಸಿದ. "ಕೆಲಸದಲ್ಲೇ ಆದ ಗಾಯ," ಎಂದ. ಅದಾದರೂ ಸುಳ್ಳಲ್ಲ. "ಮತ್ತೆ ಆ ಹೆಂಗಸು ನನ್ನ ತರಗತೀಲಿ, ನನ್ನ ಚರ್ಮದಲ್ಲಿ ಹೊಲಿದಿದ್ದು. ಆ ಕಾಲದಲ್ಲಿ ಶಿಷ್ಯರು ಮಾಡಿದ್ದೆಲ್ಲ ಗುರೂಂದೇ."

"ಹೋದ ತಿಂಗಳೇ ಯಾಕೆ ಹೇಳ್ಲಿಲ್ಲಮ್ಮ ನೀನು?" ಎಂದು ಬರ್ಟ್ರಮ್ ನನ್ನನ್ನು ಕೇಳಿದ. ನನ್ನದು ಬಿಟ್ಟು ಅವನ ಪರವಾಗಿ ಐದು ಕೈ ಮೇಲೆದ್ದವು. ಆಗಸ್ಟಿನಲ್ಲಿ ಅವನ ಕೊರಳಿಗೆ ಪದಕ ಬಿತ್ತು. ಸ್ನಾನದ ತೊಟ್ಟಿಯ ಅಂಗಡಿಯಲ್ಲೂ ಅದನ್ನು ಕಳಚುವುದಿಲ್ಲವಂತೆ.

ಈ ವಸಂತದಲ್ಲಿ ದೊಡ್ಡ ಕೋಣೆಯನ್ನು ನಾನು ಓಲೀಟಾಗೆ ಬರೆದೆ. ಗುರುಗಳಿಗೆ ಬಾಯ್ಲರ್ ಪಕ್ಕದ ಶಿಶುವಿಹಾರ, ಮೊಣಕಾಲೆತ್ತರದ ಕುರ್ಚಿಗಳು. ಅಲ್ಲಿಗೂ ಆರು ಜನ ಹೋದರು; ಪದಕ ನೋಡಿ ಹೋಗುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಓಲೀಟಾಳ ಹತ್ತಿರ ಒಂಬತ್ತು ಜನ. ಸಂಜೆಗೆ ಒಂಬತ್ತು ಜೊತೆ ಜೋಡು, ಎಲ್ಲ ಸೊಟ್ಟ, ಆದರೆ ಹೊಲಿದವರು ಕಾಲಿಗೆ ಹಾಕಿಕೊಂಡು ಕಾರಿನವರೆಗೆ ನಡೆದು ಹೋದರು.

ಪದವಿಗೆ ನನ್ನ ಹೆಸರು ಬಂದಿದೆ ಎಂದು ಬರ್ಟ್ರಮ್ ಬರೆದಾಗ ಬೇಡವೆಂದೆ. ಈಗ ಗುರುವಾರ ಕೆಲಸ ಮುಗಿಸಿ ಓಲೀಟಾಳ ಅಡುಗೆಮನೆಗೆ ಹೋಗುತ್ತೇನೆ. ಮೂರು ವಾರ ಹೆಣಗಿ ಮಾಡಿದ ನನ್ನ ಮೊದಲ ಜೋಡನ್ನು ಅವಳು ತಿರುಗಿಸಿ ಮುರುಗಿಸಿ ನೋಡಿದಳು.

"ಹೊಲಿಗೆ ಬಿಚ್ಚು," ಎಂದಳು. "ಪೂರ್ತಿ."