ಶಹನಾಜಳನ್ನು ಯಾರೂ ಕೇಳಿರಲಿಲ್ಲ

ಎಂಬತ್ತೈದನೇ ಇಸವಿಯ ಬೇಸಿಗೆ. ನವಲಗುಂದದ ಶಮೀಮಾಬಿಯ ಮಗಳು ಶಹನಾಜ ಎಸ್ಸೆಸ್ಸೆಲ್ಸಿ ಪಾಸಾದಳು. ಓಣಿಗೆಲ್ಲ ಸಕ್ಕರೆ ಹಂಚಿದ್ದಾಯಿತು. ಆ ಸಕ್ಕರೆ ಬಾಯಲ್ಲಿ ಕರಗುವ ಮೊದಲೇ ಪ್ರಶ್ನೆ ಎದ್ದಿತು: ಮುಂದೇನು?

ನಮ್ಮ ಊರುಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಲು ಓದಿದ ಹುಡುಗಿಯೊಬ್ಬಳನ್ನು ಬಿಟ್ಟು ಮಿಕ್ಕವರೆಲ್ಲ ಮುಂದೆ ಬರುತ್ತಾರೆ. ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ದುಡಿಯುವ ಅಪ್ಪ ಬಾಬಾಸಾಬ, "ಅಣ್ಣಿಗೇರಿಯವರು ಹೆಣ್ಣ ನೋಡಾಕ ಬರ್ತೇವಿ ಅಂದಾರ. ಮುಗೀತು" ಅಂದ. ಎದುರು ಮನೆಯವರು ಟೈಪಿಂಗ್ ಕಲಿಸಿ ಅಂದರು. ಅವರ ಮಗ ಟೈಪಿಂಗ್ ಕಲಿತು ಇನ್ನೂ ಕಟ್ಟೆಯ ಮೇಲೇ ಕೂತಿದ್ದ, ಆ ಮಾತು ಬೇರೆ. ಶಮೀಮಾಬಿ ಮಾತ್ರ ಎದ್ದು ಹೋಗಿ ಮಗ್ಗದ ಮುಂದೆ ಕೂತಳು.

ಶಮೀಮಾಬಿ ಜಮಖಾನೆ ನೇಯುವವಳು. ಆ ಮನೆತನದಲ್ಲಿ ಹಿಂದಿನಿಂದ ಬಂದ ಕಟ್ಟಳೆಯೊಂದಿತ್ತು. ನೇಯ್ಗೆಯನ್ನು ಸೊಸೆಗೆ ಕಲಿಸಬೇಕು, ಮಗಳಿಗೆ ಕಲಿಸಬಾರದು. ಮಗಳು ಬೇರೆ ಮನೆ ಸೇರುವವಳು, ಅವಳ ಹಿಂದೆ ಕಸುಬೂ ಹೊರಟುಹೋದೀತೆಂಬ ಭಯ. ಶಮೀಮಾಬಿಗೂ ಕಲಿಸಿದ್ದು ಅತ್ತೆಯೇ. ಹಾಗಾಗಿ ಶಹನಾಜ ಮಗ್ಗದ ಸದ್ದು ಕೇಳುತ್ತ ಬೆಳೆದಳೇ ಹೊರತು ನೂಲು ಮುಟ್ಟಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಸಾವಂತ್ರೆವ್ವ ಬಂದಳು. ತಾಲೂಕಿನಲ್ಲಿ ಗ್ರಾಮಸೇವಕಿಯಾಗಿದ್ದವಳು. ಊರೂರು ಅಡ್ಡಾಡಿ ಬಾಯಿ, ಕಾಲು ಎರಡೂ ಗಟ್ಟಿಯಾಗಿದ್ದವು.

"ಯಾಕ ಶಮೀಮಾ, ಮಗಳು ಪಾಸಾದ ದಿನಾ ಮಾರಿ ಸಣ್ಣದ ಮಾಡ್ಕೊಂಡ ಕುಂತೀಯಲ್ಲ?"

"ಏನ ಮಾಡ್ಲಿ ಅಕ್ಕಾ? ಅವರಪ್ಪ ಮದುವಿ ಅಂತಾನ. ನನಗ ಆಕಿ ಇನ್ನೂ ಸಣ್ಣಾಕಿ. ಮನ್ಯಾಗ ಇಟ್ಕೊಂಡ್ರ ಮಗ್ಗ ಮುಟ್ಟೂಹಂಗಿಲ್ಲ. ಮತ್ತೇನೈತಿ ದಾರಿ?"

"ದಾರಿ ಇಲ್ಲಂತ ಯಾರ ಹೇಳಿದ್ರು ನಿನಗ? ಕಾಲೇಜ ಐತಿ. ಮಾಸ್ತರಕಿ ತರಬೇತಿ ಐತಿ, ನರ್ಸ್ ತರಬೇತಿ ಐತಿ. ಹುಬ್ಬಳ್ಳಿ ಐ.ಟಿ.ಐ.ದಾಗ ಹತ್ತಾರು ನಮೂನಿ ಕೆಲಸ ಕಲಸ್ತಾರ. ಹುಡುಗಿಗೆ ಯಾವುದರ ಮ್ಯಾಲೆ ಮನಸೈತಿ, ಅದನ್ನ ಮೊದಲ ನೋಡು."

ಮನಸ್ಸು ಎಂದ ಕೂಡಲೇ ಶಮೀಮಾಬಿಗೆ ಹೊಳೆದದ್ದು ಒಂದೇ. ಹುಟ್ಟಿದಾಗಿನಿಂದ ಮಗ್ಗವನ್ನು ದೂರದಿಂದ ನೋಡಿದ ಮಗಳಿಗೆ ಮತ್ತೇನು ಬೇಕಿದ್ದೀತು? ಮರುದಿನ ಬೆಳಿಗ್ಗೆ ಅವಳು ಎದೆ ಗಟ್ಟಿ ಮಾಡಿಕೊಂಡಳು. ತೀರಿಹೋದ ಅತ್ತೆಯನ್ನು ನೆನೆದು ಒಳಗೊಳಗೇ ಕ್ಷಮೆ ಕೇಳಿದಳು. ಮಗಳ ಕೈ ಹಿಡಿದು ಮಗ್ಗದ ಮುಂದೆ ಕೂಡಿಸಿದಳು.

"ಕಲಿ. ಯಾರ ಏನರ ಅಂದ್ರೂ ನಾ ಅದೇನಿ."

ಶಹನಾಜ ತಲೆ ತಗ್ಗಿಸಿದಳು. "ಅಮ್ಮಾ, ಸಿಟ್ಟಾಗಬ್ಯಾಡ. ನನಗ ನೇಯೂದು ಬ್ಯಾಡ."

ಶಮೀಮಾಬಿಗೆ ಕಪಾಳಕ್ಕೆ ಹೊಡೆದಂತಾಯಿತು. "ಮತ್ತೇನ ಬೇಕ ನಿನಗ?"

"ಇಷ್ಟ ದಿನಾ ಯಾರೂ ಕೇಳೇ ಇಲ್ಲಲ್ಲಮ್ಮಾ." ಹುಡುಗಿಯ ಕಣ್ಣು ತುಂಬಿತು. "ನಮ್ಮ ಸಾಲಿಗೆ ಹೊಸಾ ಖೋಲಿ ಕಟ್ಟಾಕ ಬಂದವರು ಒಂದ ನಕಾಶಿ ಹಾಸಿದ್ರು. ಗ್ವಾಡಿ, ಬಾಗಲಾ, ಕಿಡಕಿ ಎಲ್ಲಾ ಹಾಳ್ಯಾಗ ಇದ್ವು. ಖೋಲಿ ಇನ್ನೂ ಎದ್ದೇ ಇರಲಿಲ್ಲ! ಅಂಥಾ ನಕಾಶಿ ಬರಿಯೂ ಕೆಲಸ ನನಗ ಬೇಕು."

ಶಮೀಮಾಬಿ ಉರಿಮೋರೆ ಹೊತ್ತು ಸಾವಂತ್ರೆವ್ವನ ಮನೆಗೆ ಹೋದಳು. ನಡೆದದ್ದನ್ನು ಕೇಳಿ ಸಾವಂತ್ರೆವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗಬ್ಯಾಡ ಅಕ್ಕಾ. ಅತ್ತಿ ಮಾತ ಮುರದೆ. ಈಕಿ ಬ್ಯಾಡಂತಾಳ!"

"ನೀ ಕಲಸ್ತೇನಂದಿ, ಅದು ದೊಡ್ಡ ಮಾತ. ಆದ್ರ ಕೇಳದ ಕಲಸಾಕ ಹೊಂಟಿದ್ದಿ. ನಿನ್ನ ಗಂಡ ಕೇಳದ ಮದುವಿ ಮಾಡಾಕ ಹೊಂಟಾನ. ಇಬ್ಬರೂ ಅಷ್ಟ." ಆಮೇಲೆ ನಗು ನಿಲ್ಲಿಸಿ ಹೇಳಿದಳು. "ಆ ಕೆಲಸಕ್ಕ ಡ್ರಾಫ್ಟ್ಸ್‌ಮನ್ ಅಂತಾರ. ಐ.ಟಿ.ಐ.ದಾಗ ಐತಿ. ನನ್ನ ಮಾತ ಕೇಳಿ ನಂಬಬ್ಯಾಡ, ಹೋಗಿ ಕಣ್ಣಾರೆ ನೋಡೂಣು. ಬಾಬಾಸಾಬನ್ನೂ ಕರಕೋ."

ಬಾಬಾಸಾಬ ಹುಬ್ಬಳ್ಳಿಯವರೆಗೂ ಬಸ್ಸಿನಲ್ಲಿ ಗೊಣಗಿದ. ಐ.ಟಿ.ಐ.ಯಲ್ಲಿ ಮಾಸ್ತರರನ್ನು ಕಂಡದ್ದೇ ಎಲ್ಲರ ಹಿಂದೆ ಸರಿದ. ಸಾವಂತ್ರೆವ್ವ ಶಹನಾಜಳನ್ನು ಮುಂದೆ ದಬ್ಬಿದಳು. "ನೀನ ಕೇಳು. ಕಲಿಯಾಕಿ ನೀನು."

ಹುಡುಗಿ ಮೊದಲು ತೊದಲಿದಳು, ಆಮೇಲೆ ಬಿಡಲಿಲ್ಲ. ಸೇರಲು ಯಾವ ವಿಷಯ ಓದಿರಬೇಕು, ತರಬೇತಿ ಎಷ್ಟು ವರ್ಷ, ಅರ್ಜಿ ಎಂದಿನವರೆಗೆ, ಮುಗಿದ ಮೇಲೆ ಎಲ್ಲೆಲ್ಲಿ ಕೆಲಸವಿದೆ, ಹಿಂದೆ ಕಲಿತವರು ಈಗ ಏನು ಮಾಡುತ್ತಿದ್ದಾರೆ. ಗಣಿತ, ವಿಜ್ಞಾನ ಓದಿ ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕು, ತರಬೇತಿ ಎರಡು ವರ್ಷ ಎಂದರು ಮಾಸ್ತರರು. ಕಾಲುವೆ ಆಫೀಸು, ಕಟ್ಟಡದ ಗುತ್ತಿಗೆದಾರರು, ನಗರಸಭೆ, ಎಲ್ಲರಿಗೂ ನಕ್ಷೆ ಬರೆಯುವವರು ಬೇಕಂತೆ. ಆದರೆ ಕೆಲಸ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ, ಅರ್ಜಿ ಹಾಕುತ್ತಲೇ ಇರಬೇಕು ಎಂದೂ ಹೇಳಿದರು.

"ಹುಡುಗ್ಯಾರು ಅದಾರೇನ್ರಿ ಇಲ್ಲಿ?" ಬಾಬಾಸಾಬ ಕೊನೆಗೂ ಬಾಯಿ ಬಿಟ್ಟ.

ಮಾಸ್ತರರು ಒಳಗೆ ಕರೆದೊಯ್ದರು. ಕಿಟಕಿಯ ಬಳಿ ಇಬ್ಬರು ಹುಡುಗಿಯರು ಹಲಗೆಯ ಮೇಲೆ ಬಾಗಿ ಗೆರೆ ಎಳೆಯುತ್ತಿದ್ದರು. ಬಾಬಾಸಾಬ ಹತ್ತಿರ ಹೋಗಿ ಆ ಗೆರೆಗಳನ್ನು ಬಗ್ಗಿ ನೋಡಿದ.

ತಿರುಗಿ ಬರುವಾಗ ಸಾವಂತ್ರೆವ್ವ ಇನ್ನೊಂದು ಮಾತು ಕೇಳಿದಳು. "ಇಲ್ಲಿ ಸೀಟ ಸಿಗಲಿಲ್ಲಂದ್ರ?"

"ನವಲಗುಂದದಾಗ ಪಿ.ಯು.ಸಿ.ಗೆ ಸೇರ್ತೇನಿ ಮಾವಶಿ" ಅಂದಳು ಶಹನಾಜ. "ಬರೂ ವರ್ಷ ಮತ್ತ ಅರ್ಜಿ ಹಾಕ್ತೇನಿ."

"ಸೀಟ ಸಿಕ್ಕರ ಉಳಿಯಾಕ ನನ್ನ ತಂಗಿ ಮನಿ ಹುಬ್ಬಳ್ಯಾಗ ಐತಿ" ಅಂದ ಬಾಬಾಸಾಬ, ಹೊರಗೆ ನೋಡುತ್ತ. ಶಮೀಮಾಬಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

ಅಣ್ಣಿಗೇರಿಯವರು ಬಂದೇ ಬಂದರು. ಹುಡುಗನ ತಾಯಿ ಮೂಗು ಮುರಿದಳು. "ಹೆಣ್ಣ ಹುಡುಗಿ ಇನ್ನೂ ಕಲತು ಏನ ಮಾಡ್ಬೇಕ್ರಿ?" ಹೊರಗಿನವರ ಮುಂದೆ ಎಂದೂ ದನಿ ಎತ್ತದ ಶಮೀಮಾಬಿ ಅಂದು ನೆಟ್ಟಗೆ ಕೂತು ಹೇಳಿದಳು.

"ತರಬೇತಿ ಮುಗಿಯೂಮಟಾ ತಡಿತೀರಂದ್ರ ಚಹಾ ಕುಡೀರಿ. ತಡಿಯೂದಿಲ್ಲಂದ್ರೂ ಚಹಾ ಕುಡದ ಹೋಗ್ರಿ."

ಅವರು ಚಹಾ ಕುಡಿದು ಹೋದರು, ಮತ್ತೆ ಬರಲಿಲ್ಲ. ಒಳ್ಳೆಯದೇ ಆಯಿತು.

ಶಹನಾಜಳಿಗೆ ಸೀಟು ಸಿಕ್ಕಿತು. ಎರಡು ವರ್ಷ ಕಲಿತಳು, ಮುಂದೆ ಒಂದು ವರ್ಷ ಆಫೀಸೊಂದರಲ್ಲಿ ಕೈ ಪಳಗಿಸಿಕೊಂಡಳು. ಅರ್ಜಿ ಮೇಲೆ ಅರ್ಜಿ ಹಾಕಿ ಧಾರವಾಡದಲ್ಲಿ ಕೆಲಸ ಹಿಡಿದಳು. ಕೆಲಸ ಸೇರಿದ ಮರುವರ್ಷ ನವಲಗುಂದದ ಹತ್ತಿರದ ಹಳ್ಳಿಯಲ್ಲಿ ಹೆರಿಗೆ ಆಸ್ಪತ್ರೆಗೆ ಪಾಯ ಹಾಕುವಾಗ ಇಂಜಿನಿಯರರ ಜೊತೆ ಅವಳೂ ಬಂದಿದ್ದಳು. ನಕ್ಷೆ ಅವಳ ಕೈಯದು. ಹಿರಿಯ ಗೌಂಡಿ ಹಜರತಅಲಿ ಹಾಳೆ ಹಿಡಿದು, "ಬಾಯಾರ, ಬಾಣಂತ್ಯಾರ ಖೋಲಿ ಬಾಗಲಾ ಎತ್ತ ಮಾಡೂದ್ರಿ?" ಎಂದು ಕೇಳಿದ. ಶಹನಾಜ ಬೆರಳು ಮಾಡಿ ತೋರಿಸಿದಳು. ಬಾಗಿಲು ಅಲ್ಲೇ ಆಯಿತು.

ಗುಂಪಿನಲ್ಲಿ ನಿಂತ ಶಮೀಮಾಬಿಗೆ ತಡೆಯಲಾಗಲಿಲ್ಲ. ಪಕ್ಕದ ಹೆಂಗಸಿನ ತೋಳು ಹಿಡಿದು, "ಆಕಿ ನನ್ನ ಮಗಳ್ರಿ" ಅಂದಳು.

"ಗೊತ್ತೈತ್ರಿ" ಅಂದಳು ಆ ಹೆಂಗಸು. "ಆಕಿ ಅಪ್ಪ ಮುಂಜಾನಿಂದ ಎಲ್ಲಾರಿಗೂ ಅದನ್ನ ಹೇಳಾಕ ಹತ್ತ್ಯಾನ."

ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲೂ ಓದು ಮುಗಿಸಿದ ಮಗನೋ ಮಗಳೋ ಇದ್ದಾರು. ಎದುರು ಮನೆಯವರ ಮಗ ಮಾಡಿದ್ದನ್ನೇ ಅವರ ಕೊರಳಿಗೆ ಕಟ್ಟಬೇಡಿ. ಶಾಲೆಯ ಮಾಸ್ತರರನ್ನು, ಗ್ರಾಮಸೇವಕಿಯನ್ನು, ಉದ್ಯೋಗ ವಿನಿಮಯ ಕಚೇರಿಯನ್ನು ವಿಚಾರಿಸಿ. ತರಬೇತಿ ಕೊಡುವ ಜಾಗಕ್ಕೆ ಮಕ್ಕಳೊಂದಿಗೆ ಹೋಗಿ ನೋಡಿ. ಒಂದು ದಾರಿ ತಪ್ಪಿದರೆ ಇನ್ನೊಂದು ಯಾವುದೆಂದು ಮೊದಲೇ ಯೋಚಿಸಿಡಿ. ಆದರೆ ಇದೆಲ್ಲಕ್ಕೂ ಮೊದಲು, ಇಂದು ಊಟಕ್ಕೆ ಕೂತಾಗ, "ನಿನಗೇನು ಮಾಡಬೇಕು ಅನಿಸುತ್ತದೆ?" ಎಂದು ಕೇಳಿ. ಕೇಳಿದ ಮೇಲೆ, ಮಗು ಉತ್ತರ ಹೇಳಿ ಮುಗಿಸುವವರೆಗೆ ಸುಮ್ಮನಿರಿ.