ಸೊಂಟದ ಹೊಲಿಗೆ

"ಹೊಟ್ಟೆ ಯಾವಾಗಿಂದ ಉಬ್ಬಿದೆ?"

ಡಾಕ್ಟರು ಮತ್ತೊಮ್ಮೆ ಮೆಲ್ಲಗೆ ಒತ್ತಿದರು. ಮಂಚದ ಮೇಲಿದ್ದ ಮೂರು ವರ್ಷದ ಪುಟ್ಟಿ ಅಳಲಿಲ್ಲ, ಮುಖ ಕಿವುಚಿದಳಷ್ಟೇ. ಅಳುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಪುಟ್ಟಿಯ ತಾಯಿ ಟೈಲರಕ್ಕ ಮಂಚಕ್ಕೆ ಇನ್ನಷ್ಟು ಹತ್ತಿರ ಸರಿದಳು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಕಣ್ಣಳತೆಯಲ್ಲೇ ಅಂಗಿ ಕತ್ತರಿಸುವ ಕೈ ಅವಳದು. ಮಗಳಿಗೆ ತಲೆಯಲ್ಲಿ ನೀರು ತುಂಬುವ ಕಾಯಿಲೆ. ಹುಟ್ಟಿದ ವರ್ಷವೇ ಆಪರೇಷನ್ ಮಾಡಿ, ಚರ್ಮದಡಿಯಲ್ಲಿ ತಲೆಯಿಂದ ಹೊಟ್ಟೆಗೆ ಒಂದು ಟ್ಯೂಬು ಇಳಿಸಿದ್ದರು. ನೀರು ಅಲ್ಲಿ ತಾನಾಗಿ ಇಂಗಬೇಕು. "ತಲೆ ಮೇಲೆ ಒಂದು ಕಣ್ಣಿಟ್ಟಿರಿ" ಅಂದಿದ್ದರು. ಒಂದಲ್ಲ, ಎರಡೂ ಕಣ್ಣಿಟ್ಟಳು. ಪ್ರತಿ ಭಾನುವಾರ ಟೇಪು ಹಿಡಿದು ತಲೆ ಅಳೆದಳು. ವಯಸ್ಸಿಗೆ ಮೀರಿ ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಹೊಟ್ಟೆ ಅಳೆಯಬೇಕೆಂದು ಹೊಳೆಯಲೇ ಇಲ್ಲ.

ಫ್ರಾಕು ಬಿಗಿಯಾದ ದಿನ ಅವಳಿಗಾದ ಹಿಗ್ಗು ಹೇಳತೀರದು. ಎರಡು ತುತ್ತು ತಿನ್ನಲು ಮನೆಯಿಡೀ ಓಡಾಡಿಸುವ ಹುಡುಗಿ!

"ನೋಡಿ ಅತ್ತೆ, ಕೊನೆಗೂ ಮೈಕೈ ತುಂಬ್ಕೋತಿದಾಳೆ."

"ಬಾಯ್ಮುಚ್ಚೇ, ನಿನ್ನ ಕಣ್ಣೇ ಬಿದ್ದೀತು," ಎಂದು ಅತ್ತೆಯೂ ನಕ್ಕಿದ್ದರು.

ಬೆಳೆಯುವ ಮಗುವೆಂದು ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟೇ ಹೊಲಿದಿದ್ದಳು. ಸೊಂಟದ ಹೊಲಿಗೆ ಬಿಚ್ಚಿದಳು, ಸಡಿಲಿಸಿ ಹೊಲಿದಳು. ಮತ್ತೆ ಬಿಚ್ಚಿದಳು.

"ಅಮ್ಮಾ, ಯಾವಾಗಿಂದ?" ಡಾಕ್ಟರು ಮತ್ತೆ ಕೇಳಿದರು.

ಆಗಲೇ ಕಳಚಿ ಕೈಯಲ್ಲಿ ಹಿಡಿದಿದ್ದ ಫ್ರಾಕನ್ನು ಅವಳು ಒಳಹೊರಗು ಮಾಡಿದಳು. ಬಿಚ್ಚಿದ ಹೊಲಿಗೆಯ ಸೂಜಿತೂತುಗಳು ಮೂರು ಸಾಲಾಗಿ ಕಾಣುತ್ತಿದ್ದವು. ಬೆರಳಿಟ್ಟು ತೋರಿಸಿದಳು.

"ಇದು ಬಿಚ್ಚಿ ಆರು ವಾರ ಆಯ್ತು. ಇದು ಮೂರು ವಾರದ ಹಿಂದೆ. ಇದು ಮೊನ್ನೆ ಭಾನುವಾರ." ಬೆರಳು ಕೊನೆಯ ಸಾಲಿನ ಮೇಲೇ ಇತ್ತು. "ನಾನೇ ಬಿಚ್ಚಿ ಹೊಲ್ದೆ, ಡಾಕ್ಟ್ರೇ. ನಗ್ತಾ ನಗ್ತಾ ಹೊಲ್ದೆ."

ಡಾಕ್ಟರು ಬರೆದುಕೊಂಡರು. ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು.

"ನೀರು ಇಂಗದೆ ಹೊಟ್ಟೇಲೇ ನಿಂತು ಗಡ್ಡೆ ಹಾಗಾಗಿದೆ. ಕೀವೂ ಇದೆ. ಸೋಂಕು ತಲೆಗೂ ಏರಿದ ಹಾಗಿದೆ. ಟ್ಯೂಬು ಈಗ್ಲೇ ತೆಗೀಬೇಕು."

"ಉಳೀತಾಳಲ್ವಾ?"

"ನಮ್ಮ ಕೈಲಾದ್ದೆಲ್ಲ ಮಾಡ್ತೀವಮ್ಮಾ," ಎಂದವರು ಅವಳ ಮುಖ ನೋಡಲಿಲ್ಲ.

ನರ್ಸು ಮಂಚ ತಳ್ಳಿಕೊಂಡು ಹೋದಳು. ಪುಟ್ಟಿ ಕಣ್ಣು ತೆರೆದೇ ಇದ್ದಳು. ಅಮ್ಮನನ್ನು ದಾಟುವಾಗಲೂ ಆ ಕಣ್ಣು ಇತ್ತ ತಿರುಗಲಿಲ್ಲ. ಬಾಗಿಲು ಮುಚ್ಚಿತು.

ಅವಳು ಬೆಂಚಿನ ಮೇಲೆ ಕುಳಿತು ಫ್ರಾಕನ್ನು ಮಡಿಲಲ್ಲಿ ಹರಡಿಕೊಂಡಳು. ಸೊಂಟದಲ್ಲಿ ಬಿಡಲು ಇನ್ನು ಒಂದೆಳೆ ಬಟ್ಟೆಯೂ ಇರಲಿಲ್ಲ. ಕೆಳ ಅಂಚಿನಲ್ಲಿ, ಎತ್ತರ ಬೆಳೆದಾಗ ಬಿಚ್ಚಲೆಂದು ಮಡಿಚಿಟ್ಟ ನಾಲ್ಕು ಬೆರಳ ಬಟ್ಟೆ ಮಾತ್ರ ಹೊಲಿದ ದಿನ ಇದ್ದ ಹಾಗೆಯೇ ಇತ್ತು.